ಕೇಳುಗರ ಪಟ್ಟಿಯಲ್ಲಿ ನಾನು ಬರೆದ ಸುಳ್ಳು

ಯಾಕೂಬ್ ಭಾಯಿ, ಆ ದಿನ ನಿದ್ದೆ ಹೋದವನು ನಾನು, ನೀವಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ನಿದ್ರಿಸಿದರು’ ಎಂದು ಬರೆದದ್ದು ನಾನೇ — ತಿಳಿದೂ ತಿಳಿದೂ.

ತೊಂಬತ್ತರ ದಶಕದ ನಡುವಿನ ಮಾತು, ನಾವು ಕೊಲ್ಲಿ ನಾಡಿನಲ್ಲಿ ದುಡಿಯುತ್ತಿದ್ದಾಗ. ಮುಹರ್ರಕ್‌ನ ಮಸೀದಿಯಲ್ಲಿ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಉಸ್ತಾದರು ಪ್ರವಾದಿಯವರ ನುಡಿಗಳ ಹದೀಸ್ ಗ್ರಂಥವೊಂದನ್ನು ಓದುತ್ತಿದ್ದರು. ಹಿಂದೆ ಬಾಗ್ದಾದ್, ಡಮಾಸ್ಕಸ್‌ಗಳಲ್ಲಿದ್ದ ಕ್ರಮವೇ ಅವರದು: ಗುರುವಿನ ಬಾಯಿಂದ ಇಡೀ ಗ್ರಂಥ ಕೇಳಿದವನಿಗಷ್ಟೇ ಅದನ್ನು ಕಲಿಸುವ ಅನುಮತಿ, ಇಜಾಝತ್. ಯಾರು ಬಂದರು, ಯಾರು ನಡುವೆ ಎದ್ದುಹೋದರು, ಯಾರು ತೂಕಡಿಸಿದರು — ಎಲ್ಲವನ್ನೂ ಒಬ್ಬ ಬರೆದಿಡಬೇಕು. ನನ್ನ ಅರಬಿ ಅಕ್ಷರ ಚೆಂದವೆಂದು ಆ ಕೆಲಸ ನನಗೆ ಬಂತು. ಅದರ ಜಂಬ ಬೇರೆ.

ನೀವು ಭಟ್ಕಳದವರು, ನಾನು ಉಳ್ಳಾಲದ ಬ್ಯಾರಿ. ನಮ್ಮಿಬ್ಬರ ಮಾತು ಕನ್ನಡದಲ್ಲೇ. ಸಿತ್ರಾದ ಎಣ್ಣೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಕಂಪನಿ ಬಸ್ಸಿಳಿದು ನೇರ ಬಂದು ಕಣ್ಣು ಮುಚ್ಚಿ ಕೇಳುತ್ತಿದ್ದಿರಿ. ಊರಿನ ಮದ್ರಸದಲ್ಲಿ ಕಲಿಸಬೇಕೆಂಬುದೊಂದೇ ಆಸೆ ನಿಮ್ಮದು. ನನಗೋ ಮೊದಲಿಂದಲೂ ನಿಮ್ಮ ಮೇಲೆ ಗುಮಾನಿ. ಇವನೇಕೆ ಹೀಗೆ ನೋಡುತ್ತಾನೆ, ಉಸ್ತಾದರ ಕಿವಿಯಲ್ಲಿ ಏನು ಊದುತ್ತಾನೆ —

ಆ ಶುಕ್ರವಾರ ನನಗೆ ಎಚ್ಚರವಾದಾಗ ಉಸ್ತಾದರು ಪುಸ್ತಕ ಮುಚ್ಚುತ್ತಿದ್ದರು. ನೀವು ನನ್ನತ್ತ ನೋಡಿ ಮುಗುಳ್ನಕ್ಕಿರಿ. ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಎನ್ನಲೂ ಇಲ್ಲ. ನೀವು ಹೇಳಿಬಿಡುತ್ತೀರಿ, ನನ್ನ ಇಜಾಝತ್ ಹೋಗುತ್ತದೆ ಎಂದು ಹೆದರಿದೆ. ನೀವು ಬಾಯಿ ಬಿಡುವ ಮೊದಲೇ ಬರೆದೆ.

ಕೊನೆಯ ದಿನ ಉಸ್ತಾದರು ಪಟ್ಟಿ ನೋಡಿ, ಇದು ಖಚಿತವೇ ಎಂದು ಕೇಳಿದರು. ಹೌದೆಂದೆ. ನಿಮಗೆ ಇಜಾಝತ್ ಕೊಡದೆ, ಮುಂದಿನ ವರ್ಷ ಮೊದಲಿಂದ ಕೇಳಿ ಎಂದರು. ಆ ವರ್ಷ ಬರುವ ಮೊದಲೇ ಉಸ್ತಾದರು ತೀರಿಕೊಂಡರು. ಪಟ್ಟಿ ನೋಡಿದ ಆ ದಿನ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ನೀವೆಂದಿರಿ: “ಡ್ಯೂಟಿ ಮುಗಿಸಿ ನೇರ ಬಂದದ್ದಲ್ವಾ, ನಿದ್ದೆ ಬಂದಿರ್ಬೇಕು. ನನಗೇ ಗೊತ್ತಾಗ್ಲಿಲ್ಲ ನೋಡಿ. ನೀವು ಸುಳ್ಳು ಬರೀತೀರಾ?”

ಆಗಲಾದರೂ ಹೇಳಬಹುದಿತ್ತು...

ಆ ಇಜಾಝತ್ ಹಿಡಿದು ಊರಲ್ಲಿ ಇಷ್ಟು ವರ್ಷ ಕಲಿಸಿದೆ. ನಾನು ನಿದ್ದೆ ಹೋಗಿದ್ದ ಆ ಭಾಗ ಬಂದಾಗಲೆಲ್ಲ, ಕೇಳಿಯೇ ಇಲ್ಲದ್ದನ್ನು ‘ಉಸ್ತಾದರಿಂದ ಕೇಳಿದೆ’ ಎಂದೆ. ನನ್ನಿಂದ ಕಲಿತವರು ಹಾಗೇ ಹೇಳಿ ಇನ್ನೊಬ್ಬರಿಗೆ ಕಲಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ನಿಜ ಬರೆಯಲು ಕೂತಿದ್ದೇನೆ; ಮೊದಲ ಪತ್ರ ನಿಮಗೆ. ಕ್ಷಮಿಸಿ ಎನ್ನಲು ಬಾಯಿ ಬರುತ್ತಿಲ್ಲ. ಅಂದು ಪೂರ್ತಿ ಕೇಳಿದವರು ನೀವು, ಯಾಕೂಬ್ ಭಾಯಿ — ನಿಮ್ಮ ಕಿವಿಯನ್ನು ನೀವೇ ನಂಬದಂತೆ ಮಾಡಿದವನು ನಾನು.