ಗೋಪಾಳದ ಸಾಮಾನ್ಯ ಬೆಳಗು

"ಏನ್ ಮಾರಾಯ್ತಿ, ಬಾಗಿಲು ತೆಗಿಯೋಕೆ ಇಷ್ಟು ಹೊತ್ತಾ?"

ದುರ್ಗಿಗುಡಿಯ ಬಾಡಿಗೆ ಮನೆಯಲ್ಲಿ ನನ್ನ ಮೊದಲ ಬೆಳಗ್ಗೆ ಮನೆಯೊಡತಿ ಗಿರಿಜಮ್ಮ ಹೀಗೆ ಗದರಿದಾಗ ಬೆಚ್ಚಿಬಿದ್ದೆ. ಅವರ ಕೈಯಲ್ಲಿದ್ದದ್ದು ನನಗೆಂದೇ ತಂದ ಬಿಸಿ ಅಕ್ಕಿರೊಟ್ಟಿ. 'ಮಾರಾಯ್ತಿ' ಇಲ್ಲಿ ಸಲಿಗೆಯ ಮಾತು ಎಂದು ಆಮೇಲೆ ತಿಳಿಯಿತು. ನಮ್ಮ ಬೀದರಿನಲ್ಲಿ 'ರೀ' ಹಚ್ಚದೆ ಹೊಸಬರನ್ನು ಯಾರು ಮಾತಾಡಿಸುತ್ತಾರೆ?

ಶಿವಮೊಗ್ಗಕ್ಕೆ ನಾನು ಬಂದದ್ದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಲು. ಸಂಜೆಗಳು ಉದ್ದವಾಗಿದ್ದವು. ಹಾಗಾಗಿ ಶಿವಮೊಗ್ಗದ ಮಕ್ಕಳನ್ನು ಮನೆಮನೆಯಿಂದ ಕರೆದೊಯ್ಯುವ, ಭದ್ರಾವತಿಯ ವಿಶೇಷ ಮಕ್ಕಳ ಶಾಲೆಯ ವ್ಯಾನಿಗೆ ದಿನದಿನದ ದಾರಿ ಹುಡುಕುವ ಅಲ್ಗಾರಿದಮ್ ಬರೆಯಲು ಒಪ್ಪಿಕೊಂಡೆ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಗೊತ್ತಾಗುತ್ತಿದ್ದದ್ದೇ ಬೆಳಗ್ಗೆ. ದಾರಿ ಚಿಕ್ಕದಾದರೆ ಗೋಪಾಳದ ಕಾವ್ಯಾಳನ್ನೂ ಹತ್ತಿಸಿಕೊಳ್ಳಬಹುದಿತ್ತು. ಗಾಲಿಕುರ್ಚಿಯ ಆ ಹುಡುಗಿಯನ್ನು ಹತ್ತಿಸಿ ಇಳಿಸಲು ಸಮಯ ಸಾಲದೆಂದು ಶಾಲೆಯವರು ಆಗುವುದಿಲ್ಲ ಎಂದಿದ್ದರು.

ನನ್ನ ವರದಿ ಓದಿದ ಮುಖ್ಯೋಪಾಧ್ಯಾಯಿನಿ ತಲೆಯಾಡಿಸಿದರು. "ಕೆಲವು ಸಲ ದಾರಿ ಹುಡುಕೋಕೇ ಕಂಪ್ಯೂಟರಿಗೆ ಗಂಟೆಗಟ್ಲೆ ಹಿಡೀಬಹುದು ಅಂತ ನೀವೇ ಬರ್ದಿದ್ದೀರಲ್ಲ ಮೇಡಂ. ಅಷ್ಟೊತ್ತು ಮಕ್ಕಳನ್ನ ಬೀದೀಲಿ ನಿಲ್ಸೋದಾ?"

"ಅದು ಅತಿ ಕೆಟ್ಟ ದಿನದ ಮಾತು. ಸಾಮಾನ್ಯ ದಿನ ಹೆಂಗಿರ್ತದ ಅಂತ ಅಳೀಬೇಕ್ರಿ," ಎಂದೆ.

ಅಳೆಯಲು ಕೂತರೆ ಮತ್ತೆ ಸೋಲು. ನಕ್ಷೆಯ ಮೇಲೆ ಕಂಡಕಂಡಲ್ಲಿ ಮನೆಗಳನ್ನಿಟ್ಟು ಪರೀಕ್ಷಿಸಿದ್ದೆ; ಉತ್ತರ ಆಮೆಯಂತೆ ತೆವಳುತ್ತಿತ್ತು. ಈ ಊರಿನ ಸಾಮಾನ್ಯ ದಿನ ನನಗೇ ಗೊತ್ತಿಲ್ಲವಲ್ಲ ಎನಿಸಿತು. ಬೇಸಿಗೆಯವರೆಗೂ ಬೆಳಗ್ಗೆ ವ್ಯಾನಿನಲ್ಲೇ ತಿರುಗಿದೆ. ಮಕ್ಕಳ ಮನೆಗಳು ಚದುರಿರಲಿಲ್ಲ. ವಿದ್ಯಾನಗರದಲ್ಲೊಂದು ಗುಂಪು, ಗೋಪಾಳದಲ್ಲೊಂದು. ಅಕ್ಕನಿಗೆ ಜ್ವರ ಬಂದರೆ ತಮ್ಮನೂ ರಜೆ. ಮಳೆ ಬಂದರೆ ಒಂದಿಡೀ ಬೀದಿಯೇ ಖಾಲಿ. ಹೀಗೆ ಕಂಡ ಬೆಳಗುಗಳನ್ನೇ ಕಂಪ್ಯೂಟರಿಗೆ ಕೊಟ್ಟಾಗ, ಚಾಲಕ ಗಾಜು ಒರೆಸಿ ಮುಗಿಸುವಷ್ಟರಲ್ಲಿ ದಾರಿ ಸಿದ್ಧವಾಗಿರುತ್ತಿತ್ತು. ಎಂದಾದರೂ ತಡವಾದರೆ ಹಳೆಯ ದಾರಿಯಲ್ಲೇ ಹೋಗುವುದೆಂದು ಗೊತ್ತುಮಾಡಿದ ಮೇಲೆ ಮುಖ್ಯೋಪಾಧ್ಯಾಯಿನಿಯೂ ಒಪ್ಪಿದರು.

ಜೂನಿನಲ್ಲಿ ಶಾಲೆ ತೆರೆದ ದಿನ ವ್ಯಾನು ಕಾವ್ಯಾಳ ಮನೆಯೆದುರು ನಿಂತಿತು. ಅವಳಮ್ಮ ಕುರ್ಚಿಯ ಹಿಡಿಯನ್ನು ಬಿಡಲೊಲ್ಲರು.

"ಬಿಡಮ್ಮಾ, ನಾನ್ ಹೋಗ್ತೀನಿ," ಎಂದಳು ಕಾವ್ಯಾ.

ಅವರು ಕೈಬಿಟ್ಟರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಹೆಗಲು ಹಿಡಿದು, "ನಮ್ಮನೇಲಿ ತಿಂಡಿ ತಿಂದೇ ಹೋಗ್ಬೇಕು ನೀವು," ಎಂದರು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಆ ಸಂಜೆ ಬೀದರಿನಿಂದ ಅಕ್ಕ ಫೋನ್ ಮಾಡಿದಳು. "ದೀಪಾವಳಿಗೆ ಬರ್ತೀನಿ," ಎಂದೆ, "ಆದ್ರೆ ಹಬ್ಬ ಮುಗಿದ ಕೂಡ್ಲೇ ಊರಿಗೆ ಹೋಗ್ಬೇಕು."

"ಯಾವ ಊರಿಗಿ?" ಎಂದಳು ಅಕ್ಕ.