ತಿರಕಪ್ಪ ಕಟ್ಟಿದ ಬೂದಿ ಬಣ್ಣದ ಕಾರು

ತಿರಕಪ್ಪನ ಹೆಸರು ಕಿವಿಗೆ ಬಿದ್ದರೆ ನನಗೆ ಮೊದಲು ಬರುವುದು ಸಿಟ್ಟು. ಆಮೇಲೆ ನಗು. ಅದರ ಮೇಲೆ ಏನು ಬರುತ್ತದೋ ನನಗೇ ನೆಟ್ಟಗೆ ತಿಳಿಯುವುದಿಲ್ಲ. ನವಲಗುಂದದ ಕೋರ್ಟಿನಲ್ಲಿ ಕಪ್ಪು ಕೋಟು ಹಾಕಿಕೊಂಡು ಎಂಥೆಂಥವರ ಬಾಯಿ ಬಿಡಿಸಿದವನು ನಾನು, ವಕೀಲ ಕೃಷ್ಣಾಜಿ. ಆದರೆ ಈ ಒಬ್ಬ ಮನುಷ್ಯ ತಾನು ಮಾಡುವ ಕೆಲಸವನ್ನು ಯಾಕೆ ಮಾಡುತ್ತಾನೆಂದು ಅವನ ಬಾಯಿಂದ ಹೊರಡಿಸಲು ನನ್ನಿಂದ ಆಗಲಿಲ್ಲ.

ನಮ್ಮೂರು ಅಣ್ಣಿಗೇರಿಯ ಕಡೆಗೆ ಹೋಗುವ ರಸ್ತೆಯ ಮೇಲಿದೆ. ಊರ ಅಗಸಿ ಬಾಗಿಲಿನ ಹೊರಗೆ, ಒಂದು ಬೇವಿನ ಗಿಡದ ಕೆಳಗೆ, ತಿರಕಪ್ಪನ ಗ್ಯಾರೇಜು. ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೆ ತಗಡು, ಅಷ್ಟೇ. ಅಲ್ಲಿಗೆ ನಾನು ನನ್ನ ಹಳೆಯ ಲ್ಯಾಂಡ್‌ಮಾಸ್ಟರ್ ಕಾರನ್ನು ತಂದುಬಿಟ್ಟೆ. ಮಾವನವರ ಕಾಲದ ಗಾಡಿ. ಸಣ್ಣ ಏರು ಬಂದರೂ ಹೊಗೆ ಉಗುಳುತ್ತ ನಿಂತುಬಿಡುತ್ತಿತ್ತು. "ಒಂದೀಟು ನೋಡಪಾ, ಏರಿನ್ಯಾಗ ಭಾಳ ತೇಕತೈತಿ. ಹಂಗ ಈ ಬಾಗಲದ ನೆಗ್ಗೂ ತಗದ, ಬಣ್ಣಾ ಹೊಡದ ಕೊಡು" ಎಂದಿದ್ದೆ.

ತಿಂಗಳುಗಟ್ಟಲೆ ಇಟ್ಟುಕೊಂಡ. ಕೇಳಿದಾಗಲೆಲ್ಲ "ಆಗಾಕತ್ತೈತ್ರಿ" ಎನ್ನುವುದು, ತಲೆ ಕೆಳಗೆ ಹಾಕುವುದು. ಕೊನೆಗೊಂದು ದಿನ ಕರೆಸಿದ. ಹೋಗಿ ನೋಡಿದರೆ ನನ್ನ ಮೈಯೆಲ್ಲ ಉರಿದುಹೋಯಿತು. ಬಾಗಿಲಿನ ನೆಗ್ಗು ಹಾಗೇ ಇತ್ತು. ಬಣ್ಣ ಅದೇ ಮಾಸಿದ ಬೂದಿ ಬಣ್ಣ. ಒಂದು ಬಾಗಿಲಿಗಷ್ಟೇ ಕೆಮ್ಮಣ್ಣಿನಂಥದೇನೋ ಬಳಿದಿದ್ದ.

"ಲೇ, ಇಷ್ಟ ದಿನಾ ಏನ ಮಾಡಿದೀಪಾ ನೀ?"

"ಗಾಡಿ ಹೊಡದ ನೋಡ್ರಿ, ಸಾಹೇಬ್ರ."

ಹೊಡೆದೆ. ಅಣ್ಣಿಗೇರಿ ರಸ್ತೆಗೆ ಹತ್ತಿ, ಕಾಲು ಸ್ವಲ್ಪ ಒತ್ತಿದೆನೋ ಇಲ್ಲವೋ, ನನ್ನ ಟೊಪ್ಪಿಗೆ ಹಾರಿ ಹಿಂದಿನ ಸೀಟಿಗೆ ಹೋಗಿ ಬಿತ್ತು. ಮುಂದೆ ಹೋಗುತ್ತಿದ್ದ ಗದಗಿನ ಬಸ್ಸು ಯಾವಾಗ ಹಿಂದಾಯಿತೋ ನಾ ಕಾಣೆ. ಗಾಡಿ ನಿಲ್ಲಿಸಿ, ಇಳಿದು ಟೊಪ್ಪಿಗೆ ಹುಡುಕಿಕೊಂಡೆ. ವಾಪಸು ಬಂದು ಬಾಯಿಗೆ ಬಂದಂತೆ ಬೈದೆ.

"ಇಂಥಾದ್ದು ಬೇಕಂತ ನಾ ಯಾವಾಗ ಹೇಳಿದ್ದೆನೋ?"

"ಏರಿನ್ಯಾಗ ತೇಕತೈತಿ ಅಂದಿದ್ರಲ್ರಿ. ಇನ್ನ ತೇಕಂಗಿಲ್ಲ."

ಆಗ ತಿಳಿಯಿತು ಸಂಗತಿ. ಹುಬ್ಬಳ್ಳಿಯ ಗುಜರಿಯಿಂದ, ಯುದ್ಧದ ಕಾಲದ ಯಾವುದೋ ಅಮೇರಿಕದ ಲಾರಿಯ ಎಂಟು ಸಿಲಿಂಡರಿನ ಇಂಜಿನ್ನು ತಂದು ಈ ಬಡಪಾಯಿ ಗಾಡಿಯ ಹೊಟ್ಟೆಯಲ್ಲಿ ಕೂಡಿಸಿದ್ದ. ಅದು ಹಿಡಿಸಲೆಂದು ಒಳಗಿನ ತಗಡು ಕತ್ತರಿಸಿದ್ದ, ಅದರ ಭಾರ ತಡೆಯಲೆಂದು ದಪ್ಪ ಸ್ಪ್ರಿಂಗು ಹಾಕಿದ್ದ, ಬ್ರೇಕು ಬದಲಿಸಿದ್ದ. ನವಲಗುಂದದ ಒಬ್ಬ ಕಂಟ್ರಾಕ್ಟರನ ಅಂಬಾಸಡರಿಗೂ ಹಿಂದೆ ಹೀಗೇ ಏನೋ ಮಾಡಿದ್ದನಂತೆ. ಪೆಟ್ರೋಲು ತುಟ್ಟಿಯಾಗಿ ಜನ ಗಾಡಿ ಮಾರಿ ಸೈಕಲ್ಲು ಹತ್ತುತ್ತಿದ್ದ ಎಪ್ಪತ್ತನಾಲ್ಕನೆಯ ಇಸವಿ ಅದು. ಇವನಿಗೆ ಹುಚ್ಚೋ, ನನಗೇ ಬುದ್ಧಿ ಸಾಲದೋ?

"ಒಳಗ ಇಷ್ಟೆಲ್ಲಾ ಮಾಡಿದ ಮ್ಯಾಲೆ ಹೊರಗ ಬಣ್ಣಾ ಹೊಡ್ಯಾಕ ಏನ್ ಧಾಡೀನೋ?"

"ಹೊರಗ ಯಾಕ್ರಿ?" ಎಂದು ನನ್ನನ್ನೇ ತಿರುಗಿ ಕೇಳಿದ. ಅವನ ಮುಖದಲ್ಲಿ ಸೊಕ್ಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ.

ಇದು ಅವನ ಅಪ್ಪನಿಂದ ಬಂದ ಚಾಳಿ ಎಂದು ಊರವರು ಹೇಳುತ್ತಿದ್ದರು. ಅಪ್ಪ ಮುದಕಪ್ಪ ಎತ್ತಿನ ಹುಚ್ಚಿನ ಮನುಷ್ಯ. ಒಳ್ಳೆಯ ಎತ್ತಿನ ಮೇಲೆ ಮಂದಿಯ ಕಣ್ಣು ಬೀಳಬಾರದೆಂದು ಕಾರಹುಣ್ಣಿಮೆಯವರೆಗೂ ಅದರ ಮೈ ತೊಳೆಯುತ್ತಿರಲಿಲ್ಲ, ರಾಡಿ ಮೆತ್ತಿಯೇ ಇಡುತ್ತಿದ್ದ. ಹುಣ್ಣಿಮೆಯ ದಿನ ಅದನ್ನು ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯಲು ಬಿಡುತ್ತಿದ್ದ. ಅಗಸಿಗೆ ಅಡ್ಡಲಾಗಿ ಬೇವಿನ ತಪ್ಪಲು ಸಿಗಿಸಿದ ಹಗ್ಗ ಕಟ್ಟಿರುತ್ತಾರೆ, ಅದೇ ಕರಿ. ಹೊರಗಿನಿಂದ ಓಡಿ ಬಂದು ಯಾವ ಎತ್ತು ಅದನ್ನು ಮೊದಲು ಹರಿಯುತ್ತದೋ ಅದರ ಬಣ್ಣದ ಬೆಳೆ ಆ ವರ್ಷ ಚೆನ್ನಾಗಿ ಬರುತ್ತದೆಂದು ನಂಬಿಕೆ. ಬಿಳಿಯದು ಹರಿದರೆ ಜೋಳ, ಹತ್ತಿ. ಮುದಕಪ್ಪನ ಬಿಳಿ ಎತ್ತು ಸೋಮ್ಯಾ ಎಷ್ಟೋ ವರ್ಷ ಕರಿ ಹರಿದಿತ್ತು. ಈಗ ಅದಕ್ಕೂ ವಯಸ್ಸಾಗಿತ್ತು. ಇದೇ ಅದರ ಕಡೆಯ ಓಟವೆಂದು ಮುದಕಪ್ಪನೇ ಹೇಳಿದ್ದ.

ಅಪ್ಪ ಮಗನ ನಡುವೆ ಮಾತೇ ಸರಿ ಇರಲಿಲ್ಲ. ಒಬ್ಬನೇ ಮಗ, ಹೊಲ ಬಿಟ್ಟು ಎಣ್ಣೆ ಮಸಿಯಲ್ಲಿ ಬಿದ್ದಿದ್ದಾನೆಂದು ಮುದುಕನಿಗೆ ಒಳಗೇ ಕುದಿ. ಕಡೆಗೆ ಹನುಮಂತದೇವರ ಕಟ್ಟೆಯ ಮೇಲೆ ಗೌಡರ ಎದುರಿಗೇ ಹೇಳಿಬಿಟ್ಟ:

"ಈ ಸಲಾ ನನ್ನ ಸೋಮ್ಯಾ ಕರಿ ಹರದ್ರ ಇಂವಾ ಈ ತಗಡು ಕಿತ್ತೊಗದು ಕಮತಕ್ಕ ಬರಬೇಕು. ಹರೀಲಿಲ್ಲಂದ್ರ ನಾ ಇನ್ನೊಮ್ಮೆ ಚಕಾರ ಎತ್ತಂಗಿಲ್ಲ."

"ಆತು ಬಿಡಪ್ಪಾ" ಎಂದ ತಿರಕಪ್ಪ. ಅಷ್ಟೇ ಅಂದ, ಮಹಾರಾಯ. ವಾದ ಇಲ್ಲ, ಜಗಳ ಇಲ್ಲ. ನನಗಂತೂ ತಡೆಯಲಾಗಲಿಲ್ಲ. ಕೈಯಲ್ಲಿ ಅಂಥ ವಿದ್ಯೆ ಇರುವವನು ಅದನ್ನು ಒಂದು ಎತ್ತಿನ ಕೋಡಿಗೆ ಕಟ್ಟುವುದೇ? ಅವನ ತಾಯಿ ಕೆಂಚವ್ವ ಮಾತ್ರ ನಮ್ಮ ಮನೆಯ ತನಕ ಬಂದು ಅತ್ತಳು. "ಯಾರ ಗೆದ್ರೂ ನನ್ನ ಮನ್ಯಾಗ ಒಬ್ರು ಉಣ್ಣಂಗಿಲ್ರೀ ಸಾಹೇಬ್ರ" ಎಂದಳು.

ಕಾರಹುಣ್ಣಿಮೆ ಬಂತು. ನನ್ನ ಕಾರಿನ ಸ್ಟಾರ್ಟರು ಕೆಟ್ಟಿತ್ತೆಂದು ತಿರಕಪ್ಪ ಅದನ್ನು ಬಿಚ್ಚಿಕೊಂಡು ಅಣ್ಣಿಗೇರಿಗೆ ಹೋಗಿದ್ದ. ಅಪ್ಪನ ಎತ್ತು ಓಡುವುದನ್ನು ನೋಡಲಾರದೆ ಹೋದನೋ, ಕೆಲಸಕ್ಕೇ ಹೋದನೋ, ದೇವರಿಗೇ ಗೊತ್ತು. ಕಾರು ಗ್ಯಾರೇಜಿನ ಮುಂದೆ, ಅಗಸಿಯ ಕಡೆಗೆ ಮುಖ ಮಾಡಿ, ಇಳುಕಲಿನಲ್ಲಿ ನಿಂತಿತ್ತು. ಜಾರದಿರಲೆಂದು ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಹೋಗಿದ್ದ. ಕೀಲಿ ಕೈಯನ್ನು ಅದರಲ್ಲೇ ಬಿಟ್ಟಿದ್ದ. ನಮ್ಮೂರಲ್ಲಿ ಕಾರು ಕದಿಯುವವನಾದರೂ ಯಾರು?

ಸಂಜೆ ಹಲಗೆಯ ಸದ್ದು ಜೋರಾಯಿತು. ದೂರದ ಹೊಲದಲ್ಲಿ ಎತ್ತು ಹಿಡಿದು ನಿಂತಿದ್ದರು. ಗೌಡರೂ ನಾನೂ ಅಗಸಿಯ ಬಾಜೂ ಕಟ್ಟೆಯ ಮೇಲೆ ಕೂತಿದ್ದೆವು. ಎತ್ತುಗಳ ದಾರಿಗೆ ಕಾರು ಅಡ್ಡವಾಗಿದೆ, ಅತ್ತ ಸರಿಸಿರೆಂದು ಗೌಡರು ಕೂಗಿದರು. ಆಳುಗಳು ಕಲ್ಲು ತೆಗೆದು ನೂಕಿದರು. ಕಾರು ಜಪ್ಪಯ್ಯ ಎನ್ನಲಿಲ್ಲ.

"ಕೀಲಿ ಹಾಕ್ಯಾನಲೇ ಅದಕ್ಕ. ಹಂಗ ಹೆಂಗ ಬಂದೀತು?" ಎಂದ, ಸೋಮ್ಯಾನನ್ನು ಹೊಲದಲ್ಲಿ ಆಳಿನ ಕೈಗೆ ಕೊಟ್ಟು ದಾರಿ ನೋಡಲು ಬಂದಿದ್ದ ಮುದಕಪ್ಪ. ಮನೆಯ ಬಾಗಿಲಿನಂತೆ ಕಾರಿನ ಗಾಲಿಗೂ ಕೀಲಿ ಇರುತ್ತದೆಂದು ಅವನ ತಿಳುವಳಿಕೆ. ಒಳಗೆ ಹತ್ತಿ ಕೂತು ಕೀಲಿ ತಿರುವಿದ. "ಹಾಂ, ಬಿಚ್ಚಿದೆ. ಈಗ ದಬ್ಬರಿ!"

"ಬ್ಯಾಡ್ರೋ! ಗೇರಿನ್ಯಾಗ ಐತ್ರೋ! ದಬ್ಬಿದ್ರ ಚಾಲೂ ಆಕ್ಕೈತ್ರೋ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಹಲಗೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಹತ್ತು ಮಂದಿ ಒಂದೇ ಉಸಿರಿಗೆ ದಬ್ಬಿದರು. ಕಾರು ಒಮ್ಮೆ ಜಗ್ಗಾಡಿತು, ಇಳುಕಲಿಗೆ ಬಿತ್ತು, ಇಂಜಿನ್ನು ಹೊತ್ತಿಕೊಂಡು ಗರ್ಜಿಸಿತು.

ಮುದಕಪ್ಪ ಹುಟ್ಟಾ ಚಕ್ಕಡಿ ಹೊಡೆದವನು. ಎತ್ತು ಸಿಡಿದರೆ ನಿಲ್ಲಿಸುವುದು ಹೇಗೆಂದು ಅವನ ಮೈಗೆ ಗೊತ್ತು. ಎರಡೂ ಕೈಯಿಂದ ಹಗ್ಗ ಎದೆಗೆ ಎಳೆದುಕೊಳ್ಳಬೇಕು, ಕಾಲು ಗಟ್ಟಿಯಾಗಿ ಊರಬೇಕು. ಹಾಗೇ ಸ್ಟೇರಿಂಗನ್ನು ಎದೆಗೆ ಎಳೆದ, "ಹೋ! ಹೋ!" ಎನ್ನುತ್ತ ಕಾಲು ಊರಿದ. ಬಲಗಾಲ ಕೆಳಗಿದ್ದದ್ದು ಎಕ್ಸಿಲರೇಟರು. ಊರಿದಷ್ಟೂ ಕಾರು ಓಡಿತು, ಓಡಿದಷ್ಟೂ ಅವನು ಊರಿದ. ಆ ಸದ್ದಿಗೆ ಬೆದರಿದ ಎತ್ತುಗಳು ಹಿಡಿದವರ ಕೈ ಕೊಸರಿಕೊಂಡು, ರೂಢಿಯಂತೆ ಅಗಸಿಯ ಕಡೆಗೇ ಓಡಿ ಅದರ ಬೆನ್ನು ಹತ್ತಿದವು, ಎಲ್ಲಕ್ಕೂ ಮುಂದೆ ಸೋಮ್ಯಾ. ಬೂದಿ ಬಣ್ಣದ ಕಾರು ಅಗಸಿಯಲ್ಲಿ ನುಗ್ಗಿತು, ಹಗ್ಗ ಫಟ್ಟನೆ ಹರಿಯಿತು, ಒಳಗಿನ ತಿಪ್ಪೆಗೆ ಮೂತಿ ಹುಗಿದು ಇಂಜಿನ್ನು ಆರಿತು. ಹಿಂದೆಯೇ ಬಂದ ಸೋಮ್ಯಾನ ಕೋಡಿಗೆ ಹರಿದ ಹಗ್ಗದ ತುಂಡು ಸುತ್ತಿಕೊಂಡಿತ್ತು.

ಆಮೇಲೆ ನಡೆದದ್ದನ್ನು ಗದ್ದಲವೆನ್ನಬೇಕೋ ನ್ಯಾಯವೆನ್ನಬೇಕೋ. ಒಬ್ಬ ಕಾರು ಹರಿಯಿತೆಂದ, ಒಬ್ಬ ಎತ್ತೆಂದ. ಬೂದಿ ಬಣ್ಣದ ಬೆಳೆ ಯಾವುದೆಂದು ಒಬ್ಬ ಕೇಳಿದರೆ, ಕೆಂಪು ಬಾಗಿಲಿನ ಲೆಕ್ಕವೇನೆಂದು ಇನ್ನೊಬ್ಬ. "ನೀವರ ಹೇಳ್ರೀ ವಕೀಲ್ರ" ಎಂದು ನನ್ನ ಕೊರಳಿಗೆ ಬಿದ್ದರು. ಕಾನೂನಿನ ಯಾವ ಪುಸ್ತಕದಲ್ಲಿದೆ ಇದು? ಅಷ್ಟರಲ್ಲಿ ಬಸ್ಸಿಳಿದು ಸ್ಟಾರ್ಟರನ್ನು ಹೆಗಲ ಮೇಲೆ ಹೊತ್ತು ತಿರಕಪ್ಪ ಬಂದ. ತಿಪ್ಪೆಯಲ್ಲಿದ್ದ ಕಾರು ನೋಡಿದ, ಒಳಗಿದ್ದ ಅಪ್ಪನನ್ನು ನೋಡಿದ. ಅವನ ಮೈಕೈ ಮುಟ್ಟಿ ನೋಡಿ, ಪೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆಯೇ ಇತ್ತ ತಿರುಗಿದ.

ಗೌಡರು ಕೈಯೆತ್ತಿದರು. "ಇಂಜಿನ್ನಿಗೆ ಜೀವ ಇಲ್ಲ. ಅದು ಲೆಕ್ಕಕ್ಕಿಲ್ಲ. ಸೋಮ್ಯಾನ ಕೋಡಿನ್ಯಾಗ ಹಗ್ಗ ಐತಿ. ಕರಿ ಹರದದ್ದು ಮುದಕಪ್ಪನ ಎತ್ತು."

ತಿರಕಪ್ಪ ಸ್ಟಾರ್ಟರನ್ನು ನನ್ನ ಕಾಲ ಹತ್ತಿರ ಮೆಲ್ಲಗೆ ಇಳಿಸಿದ. "ಹುಬ್ಬಳ್ಳ್ಯಾಗ ಯಾರ ಕಡಿಂದರ ಕೂಡಿಸ್ಕೋರಿ, ಸಾಹೇಬ್ರ. ನಾಳಿಂದ ನಾ ಹೊಲಕ್ಕ ಹೋಗ್ತೀನಿ" ಎಂದ.

ಮುದಕಪ್ಪ ಇನ್ನೂ ಕಾರಿನಲ್ಲೇ ಇದ್ದ. ಕೈಗಳು ಸ್ಟೇರಿಂಗು ಬಿಟ್ಟಿರಲಿಲ್ಲ. ಅಲ್ಲಿಂದಲೇ ಮಾತಾಡಿದ.

"ಗೌಡ್ರ, ಹಗ್ಗ ಹರದಾಗ ಸೋಮ್ಯಾ ನನ್ನ ಹಿಂದಿತ್ರಿ. ನೀವೆಲ್ಲಾ ಬಾಜೂಕ ಇದ್ರಿ. ನಾ ಮುಂದ ಇದ್ದೆ. ಅದು ನನ್ನ ಕಣ್ಣ ಮುಂದನ ಹರೀತು."

"ತಲಿ ನೆಟ್ಟಗ ಐತೇನಲೇ ನಿಂದು? ನಿನ್ನ ಎತ್ತ ಗೆದ್ದೈತಿ ಅನ್ನಾಕತ್ತೀನಿ. ಮಗಾ ಮನೀಗೆ ಬರಾಕತ್ತಾನ. ಇನ್ನೇನ ಬೇಕೋ ನಿನಗ?"

"ಬೇಕಾದದ್ದು ಅದ ಐತ್ರಿ" ಎಂದ ಮುದಕಪ್ಪ. "ಆದ್ರ ಹಂಗ ಆಗಿಲ್ರಿ."

ಮುದುಕ ಕೆಳಗಿಳಿದ. ಮಗನ ಹತ್ತಿರ ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ಸೋಮ್ಯಾನ ಹತ್ತಿರ ಹೋಗಿ, ಕೋಡಿಗೆ ಸುತ್ತಿದ್ದ ಹಗ್ಗವನ್ನು ಬಿಡಿಸಿ ಒಗೆದ, ಅದರ ಕೊರಳು ತಬ್ಬಿಕೊಂಡು ಗಳಗಳ ಅತ್ತುಬಿಟ್ಟ.

"ತಪ್ಪಾತೋ ನನ್ನಪ್ಪಾ. ನಿನ್ನ ದಾಟಿ ನಾನ ಓಡಿಬಿಟ್ನೆಲ್ಲೋ."