ನಿಂತ ಬೆಳೆಯನ್ನು ಹೊಗಳಬೇಕಾದ ವರ್ಷ

ನಾನು ಈ ಊರಿಗೆ ಬಂದು ಎಂಟು ದಿನವಾಗಿತ್ತು. ಪಕ್ಕದ ಮೇಜಿನವಳು ತನ್ನ ಬಗ್ಗೆ ತಾನೇ ಬರೆದುಕೊಂಡ ಎರಡು ಪುಟದ ಹೊಗಳಿಕೆಯನ್ನು ನನ್ನ ಕೈಗಿಟ್ಟು, ಎಲ್ಲಾದರೂ ಸಪ್ಪೆಯಾಗಿದ್ದರೆ ಗುರುತು ಹಾಕು ಅಂದಳು. ಅವಳು ತನ್ನ ಕ್ಷೇತ್ರದ ಮುಂಚೂಣಿಯ ವಿಜ್ಞಾನಿಯಂತೆ, ಅವಳ ಕೆಲಸ ಕ್ರಾಂತಿಕಾರಿಯಂತೆ, ಈ ಕೆಲಸಕ್ಕೆ ಅವಳಷ್ಟು ತಕ್ಕವರು ಇಡೀ ಯುರೋಪಿನಲ್ಲಿ ಇಲ್ಲವಂತೆ. ಓದುತ್ತಾ ಕದ್ದು ಅವಳ ಮುಖ ನೋಡಿದೆ. ನಾಚಿಕೆಯ ಸುಳಿವೂ ಇರಲಿಲ್ಲ. ನಮ್ಮ ಕಡೆ ಯಾರಾದರೂ ಹೀಗೆ ಮಾತಾಡಿದರೆ ಗಂಡಿನ ಕಡೆಯ ಬ್ರೋಕರ್ ಇರಬೇಕು ಅಂದುಕೊಳ್ಳುತ್ತೇವೆ. ಇವಳು ಬರೆದಿದ್ದು ಸಂಶೋಧನಾ ಅನುದಾನದ ಅರ್ಜಿ. ಅದಕ್ಕೆ ಇಲ್ಲಿ ‘ಆಂಟ್ರಾಗ್’ ಅನ್ನುತ್ತಾರೆ. ನಾನು ಈ ದೇಶದಲ್ಲಿ ಕಲಿತ ಮೊದಲ ಪದಗಳಲ್ಲಿ ಅದೂ ಒಂದು.

ನಾನು ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯವಳು. ಮಧುಗಿರಿಯ ಹಾಸ್ಟೆಲಿನಲ್ಲಿದ್ದು ಓದಿದೆ. ಈಗ ಜರ್ಮನಿಯ ಉತ್ತರಕ್ಕಿರುವ ಒಂದು ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ, ಒಣಭೂಮಿಯ ಬೆಳೆಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಮನೆ ಬಾಡಿಗೆ ಎರಡು ಬಗೆ. ಬರೀ ಗೋಡೆ, ಸೂರಿಗೆ ಕೊಡುವುದು ‘ಕಾಲ್ಟ್‌ಮೀಟೆ’, ಅಂದರೆ ತಣ್ಣನೆಯ ಬಾಡಿಗೆ. ಕೋಣೆ ಬೆಚ್ಚಗಿರಬೇಕಾದರೆ ಅದಕ್ಕೆ ಬೇರೆ. ರಾತ್ರಿಯೂಟದ ಹೆಸರು ‘ಆಬೆಂಡ್‌ಬ್ರೋಟ್’, ಸಂಜೆಯ ಬ್ರೆಡ್ಡು. ಹೆಸರಿನಲ್ಲಿರುವುದೇ ತಟ್ಟೆಯಲ್ಲೂ. ಮೊದಲ ಚಳಿಗಾಲ ಶಿರಾದಿಂದ ತಂದ ರಾಗಿಹಿಟ್ಟು ಮುಗಿದ ದಿನ ಖಾಲಿ ಡಬ್ಬಿ ಹಿಡಿದುಕೊಂಡು ಅತ್ತಿದ್ದೇನೆ. ಭಾನುವಾರ ಅಂಗಡಿ ಬಾಗಿಲು ಹಾಕಿ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣದೆ, ಮಾತಾಡದ ಬಾಯಿ ಸೋಮವಾರ ಬೆಳಿಗ್ಗೆ ಒಣಗಿರುತ್ತಿತ್ತು.

ಈ ಒಂಟಿತನದಲ್ಲಿ ನನ್ನನ್ನು ಉಳಿಸಿದವರು ಮನೆಯೊಡತಿ, ಎಪ್ಪತ್ತು ದಾಟಿದ ಫ್ರಾವ್ ಬ್ರೆಮರ್. ಹಿತ್ತಲಲ್ಲಿ ಅವರದೊಂದು ಪ್ಲಮ್ ಮರವಿದೆ. ಆ ವರ್ಷ ಕೊಂಬೆ ನೆಲಕ್ಕೆ ತಾಗುವಷ್ಟು ಕಾಯಿ ಬಿಟ್ಟಿತ್ತು. ಫಸಲು ಹೇಗೆ ಎಂದು ಬೇಲಿಯಾಚೆಯವರು ಕೇಳಿದರೆ, ‘ದೂರುವಂಥದ್ದೇನಿಲ್ಲ’ ಅಂದು ಸುಮ್ಮನಾದರು. ನನಗೆ ಊರಿಗೆ ಹೋಗಿ ಬಂದಷ್ಟು ಖುಷಿಯಾಯಿತು. ಪಕ್ಕದ ಮೇಜಿನವಳ ಅರ್ಜಿಯ ಕಥೆ ಹೇಳಿದಾಗ ಅವರು ಮೂಗು ಹಿಡಿದುಕೊಂಡು ಅವರ ಭಾಷೆಯ ಗಾದೆ ಹೇಳಿದರು, ‘ಐಗನ್‌ಲೋಬ್ ಷ್ಟಿಂಕ್ಟ್’. ತನ್ನ ಹೊಗಳಿಕೆ ನಾರುತ್ತದೆ ಎಂದು ಅರ್ಥ. ನಮ್ಮಲ್ಲಿ ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ ಎಂದೆ. ಅವರಿಗೂ ನಮಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಮುಂದೆ ಹೇಳುವುದನ್ನು ಜರ್ಮನ್ನರ ಮೇಲಿನ ದೂರು ಎಂದು ಓದಬೇಡಿ. ನನ್ನ ಸಿಟ್ಟು ಅರ್ಜಿಯ ಲೋಕದ ಮೇಲೆ.

ನನ್ನ ಯೋಜನೆ ಅಕ್ಕಡಿ ಸಾಲಿನ ಬಗ್ಗೆ. ನಮ್ಮವರು ಕಡ್ಲೆಕಾಯಿ ಹೊಲದಲ್ಲಿ ಅಷ್ಟಷ್ಟು ಸಾಲು ಬಿಟ್ಟು ತೊಗರಿ, ಅವರೆ, ಅಲಸಂದೆ ಇಡುತ್ತಾರಲ್ಲ, ಅದು. ಯಾವ ಜೋಡಿ ಹಾಕಿದರೆ ಮಣ್ಣಿನಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ, ಎಲೆಚುಕ್ಕೆ ರೋಗ ಎಷ್ಟು ಇಳಿಯುತ್ತದೆ ಎಂದು ನನ್ನ ಚಿಕ್ಕಮ್ಮ ರತ್ನಮ್ಮ ಮತ್ತು ಅವರ ನಾಲ್ವರು ನೆರೆಹೊರೆಯ ಹೆಂಗಸರ ಹೊಲದಲ್ಲಿ ಎರಡು ಮುಂಗಾರು ಪರೀಕ್ಷೆ ಮಾಡಿದ್ದೆವು. ಗೂಟ ನೆಟ್ಟು, ಕೆಂಪು ಬಟ್ಟೆ ಕಟ್ಟಿ, ಪ್ರತಿ ಸಾಲಿನ ಕಾಯಿಯನ್ನೂ ಬೇರೆ ಬೇರೆ ತೂಗಿ ಬರೆದಿಟ್ಟವರು ಚಿಕ್ಕಮ್ಮ. ಮೂರನೇ ಮುಂಗಾರಿನಲ್ಲಿ ಮತ್ತೆ ಬಿತ್ತಿ, ಅನುದಾನಕ್ಕೆ ಅರ್ಜಿ ಹಾಕಿದೆ. ಸಿಕ್ಕಿದರೆ ಐದು ವರ್ಷ ಕೆಲಸ ಮುಂದುವರಿಯುತ್ತದೆ, ವರ್ಷದಲ್ಲಿ ಅರ್ಧ ಭಾಗ ನಾನು ಊರಲ್ಲಿರಬಹುದು. ಸಿಗದಿದ್ದರೆ ನನ್ನ ನೌಕರಿಯ ಅವಧಿ ಮುಗಿಯುತ್ತದೆ, ಕೆಲಸವೂ ಅಲ್ಲಿಗೆ ನಿಲ್ಲುತ್ತದೆ.

ಅರ್ಜಿಯ ದಾರಿ ಹೀಗೆ. ಅದು ಹೆಸರು ಗೊತ್ತಿಲ್ಲದ ಮೂವರು ಪರಿಶೀಲಕರಿಗೆ ಹೋಗುತ್ತದೆ. ವಿಚಾರ ಹೊಸದೇ, ಮಾಡಲು ಸಾಧ್ಯವೇ, ಮಾಡುವವರು ಸಮರ್ಥರೇ ಎಂದು ಅವರು ಅಂಕ ಹಾಕುತ್ತಾರೆ. ಆಮೇಲೆ ಒಂದು ಸಮಿತಿ ಕುಳಿತು ಅಂಕಗಳ ಮೇಲೆ ಕಣ್ಣಾಡಿಸಿ ಪಟ್ಟಿ ಮಾಡುತ್ತದೆ. ಅಂಥ ಸಮಿತಿಯಲ್ಲಿ ಕೂತು ಬಂದಿರುವ ನಮ್ಮ ವಿಭಾಗದ ಮುಖ್ಯಸ್ಥರೇ ಹೇಳಿದ ಪ್ರಕಾರ, ಒಂದು ಅರ್ಜಿಗೆ ಸಿಗುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಜೊತೆಗೆ ಕೆಲಸದಲ್ಲಿ ಪಾಲುಗೊಂಡ ರೈತರಿಂದ, ಈ ಬೆಳೆ ಹೇಗಿದೆ ಎಂದು ಅವರದೇ ಮಾತಿನಲ್ಲಿ ಒಂದು ಪತ್ರ ಬೇಕು. ಅರ್ಜಿಯ ಕೊನೇ ದಿನ ಸೆಪ್ಟೆಂಬರಿನಲ್ಲಿ. ಆಗ ಕಡ್ಲೆಕಾಯಿ ಇನ್ನೂ ಹೊಲದಲ್ಲಿರುತ್ತದೆ.

ನಿಂತ ಬೆಳೆಯನ್ನು ನಮ್ಮ ಕಡೆ ಯಾರೂ ಹೊಗಳುವುದಿಲ್ಲ. ಗಿಡ ಎಷ್ಟೇ ಸೊಂಪಾಗಿರಲಿ, ಹೆಂಗೈತೆ ಅಂದರೆ ಏನೋ ಸುಮಾರಾಗೈತೆ ಅನ್ನಬೇಕು. ಇಲ್ಲದಿದ್ದರೆ ಕಣ್ಣು ತಾಕುತ್ತದೆ. ಹಾಳಾಗಿದ್ದರೆ ಮಾತ್ರ ಹಾಳಾಯ್ತು ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಾರೆ. ನಮ್ಮಪ್ಪ ಶಾಲೆ ಮೇಷ್ಟ್ರು. ಮನೆಯಲ್ಲಿ ಬುದ್ಧನ ಪಟ ಇಟ್ಟು ದೇವರು, ದೃಷ್ಟಿ ಎಲ್ಲವನ್ನೂ ಹೊರಗೆ ಹಾಕಿದವರು. ನಿಂತ ಬೆಳೆಯನ್ನು ಅವರು ಹೊಗಳಿದ್ದನ್ನೂ ನಾನು ಕೇಳಿಲ್ಲ. ಐವರು ಹೆಂಗಸರೂ ಬಾಯಲ್ಲಿ ಹೇಳಿ ಬರೆಸಿ, ಸಹಿ ಹಾಕಿದ ಪತ್ರದಲ್ಲಿ ಬೆಳೆ ಸುಮಾರಾಗಿದೆ, ಮಳೆ ಬಂದರೆ ನೋಡಬೇಕು ಎಂದಿತ್ತು. ಅವರಲ್ಲಿ ಪಾವಗಡದ ಕಡೆಯಿಂದ ಸೊಸೆಯಾಗಿ ಬಂದ ಈರಮ್ಮ ತೆಲುಗಿನಲ್ಲಿ ‘ಪರವಾಲೇದು’, ಪರವಾಗಿಲ್ಲ, ಎಂದು ಸೇರಿಸಿದ್ದಳು. ಓದಿ ನನಗೆ ಹೆಮ್ಮೆಯಾಯಿತು. ಐವರೂ ಇಷ್ಟು ಒಪ್ಪಿದ್ದಾರಲ್ಲ ಎಂದು ಹಿಗ್ಗಿ, ಒಂದಕ್ಷರ ಬಿಡದೆ ಇಂಗ್ಲಿಷಿಗೆ ಅನುವಾದಿಸಿದೆ. ವಿವರಣೆ ಬೇಕಾಗಬಹುದೆಂದು ಹೊಳೆಯಲೇ ಇಲ್ಲ. ತಪ್ಪು ನನ್ನದೇ. ಅಷ್ಟು ದಿನ ಇಲ್ಲಿದ್ದೂ ನನ್ನ ಕಿವಿ ಗೌಡಗೆರೆಯಲ್ಲೇ ಇತ್ತು.

ಮಾರ್ಚಿನಲ್ಲಿ ಉತ್ತರ ಬಂತು. ಇಬ್ಬರು ಪರಿಶೀಲಕರು ಒಳ್ಳೆಯ ಅಂಕ ಕೊಟ್ಟಿದ್ದರು. ಮೂರನೆಯವರು ಬರೆದಿದ್ದರು: ಪಾಲುದಾರ ರೈತರೇ ತಮ್ಮ ಬೆಳೆಯನ್ನು ಸಾಧಾರಣವೆಂದು ಕರೆದುಕೊಂಡಿದ್ದಾರೆ, ಅರ್ಜಿದಾರರಿಗೂ ತಮ್ಮ ಕೆಲಸದ ಬಗ್ಗೆ ವಿಶ್ವಾಸ ಸಾಲದು. ಸಮಿತಿ ಆ ಸಾಲನ್ನೇ ಎತ್ತಿಕೊಂಡು ಅರ್ಜಿಯನ್ನು ಕೈಬಿಟ್ಟಿತ್ತು. ನನಗೆ ಮೈ ಉರಿಯಿತು. ಸಾಲು ಸಾಲಿನ ತೂಕದ ಪಟ್ಟಿ ಅದೇ ಅರ್ಜಿಯ ಹಿಂದೆ ಲಗತ್ತಾಗಿತ್ತು. ವಿಜ್ಞಾನಿಗಳೆಂದು ಕರೆಸಿಕೊಳ್ಳುವವರು ತೂಕ ನೋಡಲಿಲ್ಲ, ಮಾತು ನೋಡಿದರು; ಮಾತನ್ನೂ ತಪ್ಪಾಗಿ ನೋಡಿದರು. ನಮ್ಮಲ್ಲಿ ಎಲ್ಲಾ ಶಿಫಾರಸು, ಅಲ್ಲಿ ಅರ್ಹತೆ ಒಂದೇ ಎಂದು ನನ್ನನ್ನು ಕಳಿಸುವಾಗ ಹರಸಿದ ಮೇಷ್ಟರುಗಳೇ, ಅರ್ಹತೆಯನ್ನು ಅಳೆಯುವ ರೀತಿ ಇದು. ತನ್ನನ್ನು ತಾನು ಹೊಗಳಿಕೊಳ್ಳುವುದು ಅಭ್ಯಾಸವಾಗಿರುವ ಮನೆಯಲ್ಲಿ ಹುಟ್ಟಿದವರಿಗೆ ಮೊದಲೇ ಅರ್ಧ ಅಂಕ ಸಿಕ್ಕಿರುತ್ತದೆ.

ಆಕ್ಷೇಪ ಬರೆದೆ. ನಿಯಮ ಮೀರಿದ್ದರೆ ಮಾತ್ರ ದೂರು ಕೇಳುತ್ತೇವೆ, ಪರಿಶೀಲಕರ ಅಭಿಪ್ರಾಯವನ್ನು ಪ್ರಶ್ನಿಸುವ ಹಾಗಿಲ್ಲ, ಮುಂದಿನ ಸಲ ಮತ್ತೆ ಅರ್ಜಿ ಹಾಕಬಹುದು ಎಂದು ಉತ್ತರ ಬಂತು. ಮುಖ್ಯಸ್ಥರು ನನ್ನ ನೌಕರಿಯ ಅವಧಿಯನ್ನು ಹೇಗೋ ಒಂದು ವರ್ಷ ಮುಂದಕ್ಕೆ ತಳ್ಳಿಸಿದರು. ಆಮೇಲೆ, ಪತ್ರ ನೀನೇ ಬರೆದು ಅವರಿಂದ ಸಹಿ ಹಾಕಿಸು, ಎಲ್ಲರೂ ಮಾಡುವುದೇ ಅದು ಅಂದರು. ಒಳ್ಳೆಯ ಮನುಷ್ಯ, ನನ್ನ ಹಿತಕ್ಕೇ ಹೇಳಿದ್ದು. ಅದು ಇನ್ನೂ ಹೆಚ್ಚು ಸಿಟ್ಟು ತರಿಸಿತು. ಮೂರು ವರ್ಷ ಒಂದು ಕಾಯಿಯ ಲೆಕ್ಕವನ್ನೂ ತಪ್ಪಿಸದ ಹೆಂಗಸರ ಹೆಸರಿನಲ್ಲಿ ನಾನು ಸುಳ್ಳು ಮಾತು ಬರೆಯಬೇಕಿತ್ತು.

ಬರೆಯಲಿಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೆಳೆ ಚೆನ್ನಾಗಿದೆ ಎಂದು ನಿಮ್ಮ ಬಾಯಲ್ಲೇ ಬರಬೇಕು, ಇಲ್ಲದಿದ್ದರೆ ಈ ಕೆಲಸ ಇಲ್ಲಿಗೇ ಮುಗಿಯಿತು ಅಂದೆ.

“ನಿಂತಿರೋ ಬೆಳೇನ ಹೆಂಗಮ್ಮ ಹೊಗಳೋದು? ಕಿತ್ತು ಮನೆ ಒಳಕ್ಕೆ ತಂದ್ಮೇಲೆ ಕೇಳು, ಬಾಯ್ತುಂಬ ಹೇಳ್ತೀನಿ.”

“ಅಷ್ಟೊತ್ತಿಗೆ ಅರ್ಜಿ ದಿನ ಮುಗ್ದೋಗಿರ್ತದೆ ಚಿಕ್ಕಮ್ಮ.”

“ಕಾಯಿ ಬಲಿಯೋ ದಿನ ಅವ್ರಿಗೆ ಗೊತ್ತಿಲ್ವಾ?”

ಅವರಿಗೆ ಕಡ್ಲೆಕಾಯಿ ನೆಲದ ಮೇಲೆ ಬಿಡುತ್ತದೋ ಒಳಗೆ ಬಿಡುತ್ತದೋ ಅನ್ನುವುದೇ ಗೊತ್ತಿರಲಿಕ್ಕಿಲ್ಲ ಎಂದು ರೇಗಿದೆ. ರೇಗಿದ್ದು ಯಾರ ಮೇಲೋ, ಅನ್ನಿಸಿಕೊಂಡವರು ಚಿಕ್ಕಮ್ಮ. ಆಯ್ತು ಬುಡು, ನೋಡ್ತೀನಿ ಎಂದು ಫೋನು ಇಟ್ಟರು.

ನಾಲ್ಕನೇ ದಿನ ಈರಮ್ಮನ ಫೋನಿನಿಂದ ಪತ್ರದ ಚಿತ್ರ ಬಂತು. ಐದೂ ಸಹಿಗಳಿದ್ದವು. ಕಾಯಿ ಚೆನ್ನಾಗಿ ಕಟ್ಟಿದೆ, ಒಂಟಿ ಬೆಳೆಗಿಂತ ಇದು ಮೇಲು, ಇಂಥ ಬೆಳೆ ಎಷ್ಟೋ ವರ್ಷದಿಂದ ನೋಡಿಲ್ಲ ಎಂದಿತ್ತು. ಕೆಳಗೆ ಇನ್ನೊಂದು ಚಿತ್ರ: ಚಿಕ್ಕಮ್ಮನ ಮನೆಯ ನಡುಮನೆಯಲ್ಲಿ ಬೇರುಸಹಿತ ಕಿತ್ತ ಕಡ್ಲೆಗಿಡದ ರಾಶಿ, ಅರ್ಧಕ್ಕರ್ಧ ಎಳೆಕಾಯಿ. ಒಬ್ಬೊಬ್ಬರೂ ತಮ್ಮ ಹೊಲದಿಂದ ಒಂದೊಂದು ಸಾಲು ಕಿತ್ತು, ಮನೆಯೊಳಗೆ ತಂದು, ಆಮೇಲೆ ಹೊಗಳಿದ್ದರು. ಕಿತ್ತಿದ್ದು ಕೆಂಪು ಬಟ್ಟೆ ಕಟ್ಟಿದ ಪರೀಕ್ಷೆಯ ಸಾಲುಗಳನ್ನೇ. ಬೇರೆ ಸಾಲು ಕೀಳಬಾರದಿತ್ತೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಚಿಕ್ಕಮ್ಮನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ಒಂದ್ನ ಕಿತ್ತು ಇನ್ನೊಂದ್ನ ಹೊಗಳಕಾಯ್ತದಾ? ಅದು ಸುಳ್ಳಾಗಲ್ವೇನಮ್ಮ?”

ಐದು ಹೊಲದಲ್ಲಿ ಐದು ಸಾಲು ಬಲಿಯುವ ಮುಂಚೆಯೇ ಹೋಯಿತು, ಅದೂ ಒಂದು ಸಾಲು ಮಾತಿಗಾಗಿ. ಅರ್ಜಿಗೆ ಲಗತ್ತಿಸಿದ ಆ ವರ್ಷದ ಪರೀಕ್ಷೆಯ ಸಾಲುಗಳ ಪಟ್ಟಿಯಲ್ಲಿ ಆ ಐದನ್ನು ಹೊಡೆದುಹಾಕಿ, ಯಾಕೆಂದು ಅಡಿಟಿಪ್ಪಣಿ ಬರೆದೆ. ನನ್ನ ಬಗ್ಗೆ ಬರೆದುಕೊಳ್ಳುವ ಎರಡು ಪುಟವನ್ನು ಪಕ್ಕದ ಮೇಜಿನವಳ ಕೈಗೆ ಕೊಟ್ಟೆ. ಅವಳು ಸಪ್ಪೆಯಾದ ಕಡೆಯಲ್ಲೆಲ್ಲ ಗುರುತು ಹಾಕಿದಳು, ನಾನು ಹಲ್ಲು ಕಚ್ಚಿಕೊಂಡು ಖಾರ ಹಾಕಿದೆ.

ಅನುದಾನ ಸಿಕ್ಕಿತು. ಪಾಲುದಾರರ ಉತ್ಸಾಹ ಮೆಚ್ಚುವಂಥದ್ದು ಎಂದು ಒಬ್ಬ ಪರಿಶೀಲಕರು ಬರೆದಿದ್ದರು. ಹೊಡೆದುಹಾಕಿದ ಸಾಲುಗಳ ಬಗ್ಗೆ, ಅಡಿಟಿಪ್ಪಣಿಯ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ವಿಭಾಗದಲ್ಲಿ ವೈನ್ ಬಾಟಲಿ ತೆರೆದರು, ನನ್ನ ಬೆನ್ನು ತಟ್ಟಿದರು, ಫ್ರಾವ್ ಬ್ರೆಮರ್ ಪ್ಲಮ್ ಕೇಕು ಮಾಡಿ ತಂದರು. ಎಲ್ಲರ ಜೊತೆ ನಾನೂ ನಕ್ಕೆ. ಗೆದ್ದಾಗ ಸಿಟ್ಟು ತಣಿಯುತ್ತದೆ ಎಂದು ಎಣಿಸಿದ್ದೆ, ತಣಿಯಲಿಲ್ಲ. ಸೋತಾಗ ಕೂಗಾಡುವ ಹಕ್ಕಾದರೂ ಇತ್ತು.

ಜೂನಿನಲ್ಲಿ ಊರಿಗೆ ಹೋದೆ. ಬಿತ್ತನೆಗೆ ಬೀಜ ಬಿಡಿಸುವ ಹೊತ್ತು. ಐವರೂ ಚಿಕ್ಕಮ್ಮನ ನಡುಮನೆಯಲ್ಲಿ ಕಡ್ಲೆಕಾಯಿ ಸುರಿದುಕೊಂಡು ಸಿಪ್ಪೆ ಒಡೆಯುತ್ತಿದ್ದರು. ನಾನೂ ಕೂತೆ. ಈ ಚಳಿದೇಶದಲ್ಲಿ ಮೆತ್ತಗಾದ ನನ್ನ ಹೆಬ್ಬೆರಳು ಸ್ವಲ್ಪ ಹೊತ್ತಿಗೇ ಉರಿಯತೊಡಗಿತು. ಅನುದಾನ ಸಿಕ್ಕಿದ್ದನ್ನು, ಅವರ ಪತ್ರವನ್ನು ಮೆಚ್ಚಿ ಬರೆದಿದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಈರಮ್ಮ ನಕ್ಕಳು. ಚಿಕ್ಕಮ್ಮ ನಗಲಿಲ್ಲ. ಕೈಯಲ್ಲಿದ್ದ ಕಾಯಿ ಒಡೆದು, ಬೀಜವನ್ನು ಮೊರಕ್ಕೆ ಹಾಕಿ ಕೇಳಿದರು.

“ಮೂರ್ ವರ್ಷ ಒಂದೊಂದು ಸಾಲೂ ತೂಗಿ ತೂಗಿ ಬರ್ದೆ. ಅದ್ನ ನಂಬ್ದೆ, ನನ್ ಬಾಯ್ ಮಾತ್ನ ನಂಬುದ್ರಾ ನಿಮ್ಮೋರು?”

ಅವರು ನಮ್ಮವರಲ್ಲ ಚಿಕ್ಕಮ್ಮ ಅನ್ನಬೇಕೆಂದು ಬಾಯಿ ತೆರೆದೆ. ಅವರು ಮೆಚ್ಚಿ ಬರೆದ ಕಾಗದ ಇನ್ನೂ ನನ್ನ ತೊಡೆಯ ಮೇಲೇ ಇತ್ತು. ಬಾಯಿ ಮುಚ್ಚಿಕೊಂಡು, ಇನ್ನೊಂದು ಕಾಯಿ ತೆಗೆದುಕೊಂಡೆ.